ಅಕ್ಕನ ಕಾರ್ಡು, ಭಾವನ ಗಾಜು

ಅಕ್ಕ: ನೀವು ರಕ್ತ ಸವರಿದ ಗಾಜು ಒಣಗೋ ಹೊತ್ತಿಗೆ ಜ್ವರಾನೇ ಬೇಜಾರಾಗಿ ಎದ್ದು ಹೋಗತ್ತೆ ಕಣ್ರೀ.

ಭಾವ: ನಿನ್ನ ಟೆಸ್ಟ್ ಕಾರ್ಡು ಗೆರೆ ಎಳೆಯತ್ತೆ, ಅಷ್ಟೆ. ರೋಗದ ಹುಳು ಯಾವ ಜಾತಿ, ಎಷ್ಟಿದೆ, ಕಣ್ಣಾರೆ ತೋರಿಸತ್ತಾ?

ಅಕ್ಕ: ಇವನಿಗೆ ಮಲೇರಿಯಾ ಇದೆಯೋ ಇಲ್ವೋ ಗೊತ್ತಾದ್ರೆ ಸಾಕು. ಹುಳುವಿನ ಕುಲಗೋತ್ರ ಕಟ್ಕೊಂಡು ಏನಾಗ್ಬೇಕು? ಬೀಗರಾಗ್ಬೇಕಾ?

‘ಇವನು’ ಅಂದರೆ ನಾನು. ಕಂಬಳಿಯ ಮೇಲೆ ಕಂಬಳಿ ಹೊದ್ದು, ಹಲ್ಲು ಕಟಕಟ ಅನ್ನಿಸುತ್ತಾ ಅವರ ರಕ್ತಪರೀಕ್ಷೆಯ ಕೋಣೆಯ ಬೆಂಚಿನ ಮೇಲೆ ಕೂತಿದ್ದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಮೀಸೆ ಬಂದ ಕೂಸಿಗೂ ಅದೇ ಗತಿ. ಇದ್ದ ಒಂದು ಮೇಜಿನ ಅರ್ಧವನ್ನು ಭಾವನ ಮೈಕ್ರೋಸ್ಕೋಪೇ ನುಂಗಿತ್ತು. ಇವತ್ತು ತನ್ನ ಕಾರ್ಡು ಗೆದ್ದರೆ ಅದು ಅಟ್ಟಕ್ಕೆ ಎಂದು ಅಕ್ಕ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು. ಭಾವನ ಜೀವವೆಲ್ಲ ಅದರ ಮೇಲೇ ಇತ್ತು.

ಅಕ್ಕ ನನ್ನ ಬೆರಳು ಚುಚ್ಚಿ ಕಾರ್ಡಿಗೆ ಒಂದು ಹನಿ ಬಿಟ್ಟಳು. ಹಿಂದೆಯೇ ಭಾವನೂ ಸೂಜಿ ಹಿಡಿದು ಬಂದರು. ನಾನು ಕೈಯನ್ನು ಕಂಬಳಿಯೊಳಗೆ ಎಳೆದುಕೊಂಡೆ.

ಭಾವ: ಎಂಥ ಗಂಡಸಯ್ಯಾ ನೀನು. ಇಲ್ಲಿ ನೋಡು, ನೋವೇ ಆಗಲ್ಲ.

ಎಂದವರು ತಮ್ಮ ಬೆರಳಿಗೇ ಚುಚ್ಚಿಕೊಂಡರು. ಅಷ್ಟರಲ್ಲಿ ಅಕ್ಕ, ಕಾರ್ಡಿಗಾದರೆ ಕರೆಂಟೂ ಬೇಡ, ಕನ್ನಡಕವೂ ಬೇಡ ಎಂದು ಕೆಣಕಿದಳು. ಭಾವ ಅವಳ ಕಡೆ ತಿರುಗಿ ವಾದಿಸುತ್ತಲೇ ಬೆರಳಿನ ಹನಿಯನ್ನು ಗಾಜಿಗೆ ಸವರಿದರು, ಒಣಗಿಸಿದರು, ಬಣ್ಣ ಹಾಕಿದರು. ರಕ್ತ ಕಂಡರೆ ಗಾಜು ಹುಡುಕುವ ಕೈ ಅದು. ನಾನು ತುಟಿ ಬಿಚ್ಚಲಿಲ್ಲ. ಬಿಚ್ಚಿದರೆ ಮತ್ತೆ ನನಗೇ ಚುಚ್ಚುತ್ತಾರಲ್ಲ.

ಕಾಲು ಗಂಟೆ ಕಳೆಯಿತು. ಜಗಳ ಮಾತ್ರ ಮುಗಿಯಲಿಲ್ಲ.

ಅಕ್ಕ: ನೋಡಿ, ಒಂದೇ ಗೆರೆ. ಎರಡು ಬಂದಿದ್ರೆ ಮಲೇರಿಯಾ. ಏಣಿ ತರ್ಲಾ?

ಭಾವ ಮೈಕ್ರೋಸ್ಕೋಪಿಗೆ ಕಣ್ಣಿಟ್ಟರು. ನೋಡನೋಡುತ್ತಲೇ ಮುಖ ಊರಗಲವಾಯಿತು.

ಭಾವ: ಬಾರೇ, ಕಣ್ತುಂಬ ನೋಡು. ಹುಳುಗಳು ಉಂಗುರ ಉಂಗುರವಾಗಿ ಕೂತಿದಾವೆ. ನಿನ್ನ ಕಾರ್ಡು ನೆಚ್ಕೊಂಡಿದ್ರೆ ನಿನ್ನ ತಮ್ಮನ ಗತಿ ಏನಾಗ್ತಿತ್ತು?

ಅಕ್ಕ ಬಗ್ಗಿ ನೋಡಿದಳು. ಅವಳ ಕಣ್ಣಲ್ಲಿ ನೀರು ಬಂತು. ನನಗೆ ತಡೆಯಲಾಗಲಿಲ್ಲ.

ನಾನು: ಅಳ್ಬೇಡ ಅಕ್ಕಾ. ಭಾವ ನನಗೆ ಚುಚ್ಚಲೇ ಇಲ್ಲ. ಅದು ಅವರದ್ದೇ ರಕ್ತ.

ಅಕ್ಕ ಗಾಬರಿಯಿಂದ ಭಾವನ ಹಣೆ ಮುಟ್ಟಿದಳು.

ಅಕ್ಕ: ಅಯ್ಯೋ, ಮೈ ಕೆಂಡದ ಹಾಗೆ ಸುಡ್ತಿದೆ. ನಾನು ಜಗಳದ ಬಿಸಿ ಅಂದ್ಕೊಂಡಿದ್ದೆನಲ್ರೀ.

ಭಾವ ಮೆಲ್ಲಗೆ ನನ್ನ ಪಕ್ಕ ಕುಸಿದು ಕೂತು, ನನ್ನ ಮೇಲಿನ ಕಂಬಳಿಯೊಂದನ್ನು ಎಳೆದುಕೊಂಡರು.

ಭಾವ: ನನಗೂ ಒಂದು ಕಾರ್ಡು ಹಾಕೇ. ಆ ಮೈಕ್ರೋಸ್ಕೋಪಿಗೆ ವಯಸ್ಸಾಯ್ತು, ಬಾಯಿಗೆ ಬಂದಿದ್ದು ಹೇಳತ್ತೆ. ಅದನ್ನ ಅಟ್ಟಕ್ಕೆ ಹಾಕ್ಬಿಡು.