ಜಿ-ಸಿಕ್ಸ್-ಪಿಡಿ ಪರೀಕ್ಷೆಯ ಪಡಿಪಾಟಲು

ನಾನು ಸೂಜಿ ಹಿಡಿದು ಕೂತರೆ ಸಾಕು, ಎದುರಿಗೆ ಕೂತವರ ಬಾಯಿಂದ ಏನಾದರೊಂದು ಬಂದೇ ಬರುತ್ತದೆ. ನಗು ತಡೆದುಕೊಂಡು ನರ ಹುಡುಕುವುದೇ ನನ್ನ ಕೆಲಸದ ಕಷ್ಟದ ಭಾಗ. ತರೀಕೆರೆಯಲ್ಲಿ ಒಬ್ಬ ಡಾಕ್ಟರ ಸಣ್ಣ ಆಸ್ಪತ್ರೆಯ ಲ್ಯಾಬಿನಲ್ಲಿ ನಾನು ಟೆಕ್ನಿಷಿಯನ್. ಕಡೂರು, ಅಜ್ಜಂಪುರದ ಕಡೆಯಿಂದಲೂ ಜನ ಬರುತ್ತಾರೆ. ಸಕ್ಕರೆ, ಥೈರಾಯ್ಡು ಪರೀಕ್ಷೆಗಳ ಹೆಸರು ಈಗ ಎಲ್ಲರಿಗೂ ಬಾಯಿಪಾಠ. ಆದರೆ ಜಿ-ಸಿಕ್ಸ್-ಪಿಡಿ ಅನ್ನುವ ಪರೀಕ್ಷೆಯ ಹೆಸರು ಹೇಳಿದರೆ ಮುಖ ಮುಖ ನೋಡುತ್ತಾರೆ. ವಿಷಯ ಇಷ್ಟೇ: ಕೆಂಪು ರಕ್ತಕಣವನ್ನು ಕಾಯುವ ಒಂದು ಕಿಣ್ವ ಕೆಲವರಿಗೆ ಹುಟ್ಟಿನಿಂದಲೇ ಕಡಿಮೆ. ಅಂಥವರಿಗೆ ಕೆಲವು ಮಾತ್ರೆಗಳು ಆಗುವುದಿಲ್ಲ. ತಿಂದರೆ ರಕ್ತಕಣ ಒಡೆದು, ಕಣ್ಣು ಹಳದಿಯಾಗಿ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಮೊದಲೇ ಗೊತ್ತಾದರೆ ಹೆದರಬೇಕಿಲ್ಲ, ಹುಷಾರಾಗಿದ್ದರೆ ಆಯಿತು. ಇದನ್ನು ವಿವರಿಸಲು ಹೊರಟಾಗಲೇ ಪಜೀತಿ ಶುರುವಾಗುವುದು.

ಆರು ಸಹಿ

ಅಜ್ಜಂಪುರದ ಹತ್ತಿರದ ತೆಂಗಿನ ತೋಟದ ಯಜಮಾನರೊಬ್ಬರು ಮಂಗಳೂರಿನ ಮಗಳ ಮನೆಗೆ ಹೋಗಿ ಮಲೇರಿಯಾ ಹತ್ತಿಸಿಕೊಂಡು ಬಂದಿದ್ದರು. ಡಾಕ್ಟರು ಜ್ವರಕ್ಕೆ ಮಾತ್ರೆ ಕೊಟ್ಟು, "ಮತ್ತೆ ಮರುಕಳಿಸದ ಹಾಗೆ ಇನ್ನೊಂದು ಮಾತ್ರೆ ಕೊಡ್ಬೇಕು. ಅದಕ್ಕೆ ಮುಂಚೆ ಜಿ-ಸಿಕ್ಸ್-ಪಿಡಿ ಆಗ್ಲೇಬೇಕು" ಅಂದು ಚೀಟಿ ಬರೆದರು. ಯಜಮಾನರು ತಲೆಯಾಡಿಸಿ ಎದ್ದವರು ಲ್ಯಾಬಿಗೆ ಬರಲಿಲ್ಲ. ಸೀದಾ ಹೊರಗೆ ಹೋಗಿ ಬೈಕ್ ಹತ್ತಿದರು.

ಕೆಲವು ದಿನ ಕಳೆದ ಮೇಲೆ ಬಂದರು. ಮುಖದಲ್ಲಿ ಗೆದ್ದ ಕಳೆ. ಚೀಟಿ ನನ್ನ ಮುಂದೆ ಚಾಚಿ, "ತಗಳಿ ತಾಯಿ, ನಾಲ್ಕು ಆಗೈತೆ. ಐದನೆಯೋರು ಮೀಟಿಂಗಿಗೆ ಹೋಗವ್ರೆ, ಆರನೆಯೋರು ರಜ" ಅಂದರು. ಚೀಟಿಯ ತುಂಬಾ ಗ್ರಾಮ ಪಂಚಾಯಿತಿಗಳ ಸೀಲು!

"ಇದೇನ್ ಯಜಮಾನ್ರೇ?"

"ಡಾಕ್ಟ್ರೇ ಹೇಳಿದ್ರಲ್ಲವ್ವ, ಸಿಕ್ಸ್ ಪಿಡಿಓ ಅಂತ. ಆರು ಪಂಚಾಯ್ತಿ ಪಿಡಿಓಗಳ ಸಹಿ."

"ಮತ್ತೆ ಮೊದಲಿನ ಜಿ ಅಂದ್ರೆ?"

"ಗೌರ್ಮೆಂಟು!"

ಕೂರಿಸಿ ರಕ್ತ ತೆಗೆದೆ. ಕಿಣ್ವ ಸರಿಯಾಗಿತ್ತು. ಮಾತ್ರೆ ನುಂಗಿ ಗುಣವಾದರು. ಆ ಚೀಟಿಯನ್ನು ಡಾಕ್ಟರಿಗೆ ತೋರಿಸಿದಾಗ ಅವರು ಒಂದು ಸೀಲಿನ ಕೆಳಗಿನ ಸಾಲು ಓದಿ ಕುರ್ಚಿಯಿಂದ ಜಾರುವಷ್ಟು ನಕ್ಕರು. ಯಾರೋ ಅಧಿಕಾರಿ ಅಭ್ಯಾಸಬಲದಿಂದ ಬರೆದಿದ್ದರು: "ಅರ್ಜಿದಾರರ ರಕ್ತವನ್ನು ಸ್ಥಳ ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳುವುದು."

ನೇರಳೆ ದೀಪ

ಈ ಪರೀಕ್ಷೆಯಲ್ಲಿ ರಕ್ತಕ್ಕೆ ಔಷಧಿ ಬೆರೆಸಿ, ಕಾಗದದ ಮೇಲೆ ಚುಕ್ಕೆ ಇಟ್ಟು, ಕತ್ತಲೆಯಲ್ಲಿ ನೇರಳೆ ಬೆಳಕು ಹಿಡಿಯುತ್ತೇವೆ. ಕಿಣ್ವ ಇದ್ದರೆ ಚುಕ್ಕೆ ಹೊಳೆಯುತ್ತದೆ, ಇಲ್ಲದಿದ್ದರೆ ಮಂಕಾಗಿರುತ್ತದೆ. ಒಂದು ದಿನ ನಮ್ಮ ದೀಪ ಕೆಟ್ಟಿತು. ಎದುರಿನ ಬಟ್ಟೆ ಅಂಗಡಿಯಲ್ಲಿ ಖೋಟಾ ನೋಟು ನೋಡುವ ದೀಪ ಇತ್ತು. ಬೆಳಕು ಅದೇ ಜಾತಿಯದು. ತಂದು, ಮೊದಲು ನನ್ನದೇ ರಕ್ತದ ಚುಕ್ಕೆ ಇಟ್ಟು ನೋಡಿದೆ. ಚೆನ್ನಾಗಿ ಹೊಳೆಯಿತು. ಸದ್ಯ, ಕೆಲಸ ನಿಲ್ಲಲಿಲ್ಲ.

ಅವತ್ತು ಪರೀಕ್ಷೆಗೆ ಬಂದಿದ್ದವನು ಒಬ್ಬ ಲಾರಿ ಡ್ರೈವರು, ಜೊತೆಗೆ ಹೆಂಡತಿ. ಅವನು ಬಾಗಿಲ ಸಂದಿಯಿಂದ ಇಣುಕಿ ಗಾಬರಿಯಾದ.

"ಮೇಡಮ್ಮೋರೇ, ಅದು ಬಟ್ಟೆ ಅಂಗಡೀದಲ್ವಾ? ಐನೂರರ ನೋಟು ನೋಡೋದು?"

"ಹೌದು."

"ನನ್ ರಕ್ತ ಖೋಟಾ ಅಂತ ಅನುಮಾನವಾ?"

"ಸುಮ್ನಿರಪ್ಪಾ, ನೋಡ್ತಿದೀನಿ" ಅಂದೆ. ಅವನು ಬೆವರು ಒರೆಸಿಕೊಂಡ. ಚುಕ್ಕೆ ನಕ್ಷತ್ರದ ಹಾಗೆ ಹೊಳೆಯಿತು. ಒಳಗೆ ಕರೆದು ತೋರಿಸಿದೆ. ಅವನು ಎದೆ ಉಬ್ಬಿಸಿ ಹೆಂಡತಿ ಕಡೆ ತಿರುಗಿದ. "ನೋಡ್ದೇನೇ? ಅಸಲಿ ಮಾಲು ಕಣೇ! ಮದುವೆಯಾದಾಗಿಂದ ಖೋಟಾ ನನ್ಮಗ ಖೋಟಾ ನನ್ಮಗ ಅಂತಿದ್ಯಲ್ಲ, ಈಗೇನಂತೀಯ?"

ಆಕೆ ಚುಕ್ಕೆಯನ್ನು ಬಗ್ಗಿ ನೋಡಿ, ಅವನನ್ನೂ ಮೇಲಿಂದ ಕೆಳಗೆ ನೋಡಿ, ನನ್ನನ್ನು ಕೇಳಿದಳು: "ರಕ್ತ ಸರಿ ಮೇಡಂ. ಬುದ್ಧಿಗೆ ಹಿಡಿಯೋ ದೀಪ ಅಂಗಡೀಲಿ ಇರ್ಲಿಲ್ವಾ?"

ಅವರೆ ಹೋದ ಮನೆ

ಕಡೂರಿನ ಕೊಬ್ಬರಿ ವ್ಯಾಪಾರಿಯೊಬ್ಬರಿಗೆ ಈ ಕೊರತೆ ಇರುವುದು ಗೊತ್ತಾಯಿತು. ಯಾವ ಮಾತ್ರೆ ಕೂಡದು ಅಂತ ಡಾಕ್ಟರು ಬರೆದುಕೊಟ್ಟರು. ಅವರು ಧೈರ್ಯವಾಗೇ ಮನೆಗೆ ಹೋದರು. ಆದರೆ ಮನೆಯಲ್ಲಿ ಮೊಬೈಲ್ ತೆಗೆದು ಹುಡುಕಿದ್ದೇ ತಪ್ಪಾಯಿತು. ಅದರಲ್ಲಿ ಫಾವಾ ಬೀನ್ಸ್ ಅನ್ನುವ ಕಾಳು ತಿಂದರೆ ಅಪಾಯ ಅಂತ ಇತ್ತು. ಕನ್ನಡದಲ್ಲಿ ಏನಂತಾರೆ ಅಂತ ಒತ್ತಿದರು. ಮೊಬೈಲು ಹೇಳಿತು: ಅವರೆಕಾಳು.

ಸೊಗಡವರೆ ಸಂತೆಗೆ ಬಂದು ಬಿದ್ದಿದ್ದ ಕಾಲ ಅದು. ಅವರಿಗೋ ಹಿತಕಿದ ಬೇಳೆ ಸಾರಿಲ್ಲದೆ ಮುದ್ದೆ ಇಳಿಯದು. ಸುದ್ದಿ ತಿಳಿದು ನೆಂಟರು ಸಮಾಧಾನ ಹೇಳಲು ಬಂದರು. ಪಕ್ಕದ ಮನೆಯಲ್ಲಿ ಅವರೆ ಬೇಯುವ ವಾಸನೆ ಬಂದರೆ ಇವರು ಕಿಟಕಿ ಹಾಕಿಸುತ್ತಿದ್ದರಂತೆ. ಮುಂದಿನ ಸಲ ಬಂದಾಗ ಮುಖ ಬಾಡಿಹೋಗಿತ್ತು. "ಇಂಥ ರಕ್ತ ಇಟ್ಕೊಂಡು ಬದುಕಿ ಏನ್ ಸುಖ ಸಾರ್?" ಅಂದರು.

ಡಾಕ್ಟರು ಪೂರ್ತಿ ಕೇಳಿ, "ಅಯ್ಯೋ, ಅದು ನಮ್ಮ ಅವರೆ ಅಲ್ಲ ಕಣ್ರೀ! ಅದು ಬೇರೆ ಕಾಳು, ನಮ್ಮ ಕಡೆ ಬೆಳೆಯೋದೇ ಇಲ್ಲ. ನಿಮ್ಮ ಅವರೆ ನೀವು ತಿನ್ನಿ" ಅಂದರು.

ವ್ಯಾಪಾರಿ ಎದ್ದು ನಿಂತು ಡಾಕ್ಟರ ಎರಡೂ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರು. "ನನ್ ಜೀವ ಉಳಿಸಿದ್ರಿ ಸಾರ್! ಇವತ್ತು ರಾತ್ರಿ ಸಾರು, ನಾಳೆ ಉಪ್ಪಿಟ್ಟು, ನಾಡಿದ್ದು ರೊಟ್ಟಿ, ಎಲ್ಲಾ ಅವರೇಕಾಳಿಂದೇ!" ಅಂತ ಓಡಿದರು, ಚಪ್ಪಲಿ ನಮ್ಮ ಬಾಗಿಲಲ್ಲೇ ಬಿಟ್ಟು.

ಜೊತೆಗೆ ಬಂದಿದ್ದ ಹೆಂಡತಿ ಮಾತ್ರ ಅಲ್ಲೇ ನಿಂತಿದ್ದರು. ತಮ್ಮ ಹತ್ತು ಬೆರಳನ್ನೂ ಡಾಕ್ಟರಿಗೆ ತೋರಿಸಿ ಮೆಲ್ಲಗೆ ಹೇಳಿದರು: "ಕಾಳು ಹಿತುಕೋಳು ನಾನು ಸಾರ್. ಸುಗ್ಗಿ ಮುಗಿದ್ಮೇಲೆ ಹೇಳಿದ್ರೆ ಆಗ್ತಿರ್ಲಿಲ್ವಾ?"

ಮೂಸಿ ಬರಮಾಡಿಕೊಂಡದ್ದು

ನಮ್ಮ ಬೀದಿಯ ಟೀಚರೊಬ್ಬರ ಎಳೆಗೂಸಿಗೆ ಇದ್ದಕ್ಕಿದ್ದ ಹಾಗೆ ಮೈ ಹಳದಿಯಾಯಿತು. ಪರೀಕ್ಷೆಯಲ್ಲಿ ಕಿಣ್ವ ಕಡಿಮೆ ಅಂತ ಬಂತು. ಕಾರಣ ಕೆದಕಿದರೆ, ಮಗುವನ್ನು ಸುತ್ತಿದ್ದ ಹಳೇ ರೇಷ್ಮೆ ಸೀರೆ ಬೀರುವಿನಲ್ಲಿ ನುಸಿಗುಳಿಗೆಯ ಜೊತೆ ಇಟ್ಟಿದ್ದು! ಆ ಬಿಳೀ ಗುಳಿಗೆಯ ಗಾಳಿಯೇ ಇಂಥ ಮಕ್ಕಳಿಗೆ ಆಗದು. ಶಿವಮೊಗ್ಗದ ಆಸ್ಪತ್ರೆಗೆ ಕಳಿಸಿ, ರಕ್ತ ಕೊಡಿಸಿದ ಮೇಲೆ ಮಗು ಗೆದ್ದು ಬಂತು. ಬಂದ ದಿನ ಬೀದಿಗೆಲ್ಲ ಸಿಹಿ ಹಂಚಿದರು.

ಹುಟ್ಟುಹಬ್ಬ ಬಂತು. ಟೀಚರು ಬಾಗಿಲಲ್ಲೇ ನಿಂತಿದ್ದರು. ಬಂದ ಪ್ರತಿ ಹೆಂಗಸಿಗೂ ಕುಂಕುಮ ಕೊಟ್ಟು, ಸೆರಗು ಹಿಡಿದು ಮೂಸಿ, ಆಮೇಲೆ ಒಳಗೆ ಬಿಡುತ್ತಿದ್ದರು. ನನ್ನದು ಪಾಸಾಯಿತು. ನನ್ನ ಹಿಂದೆ ಬಂದ ಅವರ ನಾದಿನಿಯ ಸೆರಗಿಗೆ ಮೂಗು ಇಟ್ಟವರು ಹಾವು ತುಳಿದ ಹಾಗೆ ಹಿಂದೆ ಸರಿದರು.

"ನುಸಿಗುಳಿಗೆ! ಮೊದ್ಲು ಹೋಗಿ ಸೀರೆ ಬದಲಾಯಿಸ್ಕೊಂಡು ಬಾಮ್ಮ!"

ನಾದಿನಿ ಅಲ್ಲಾಡಲಿಲ್ಲ. ಬೀದಿಗೆಲ್ಲ ಕೇಳುವ ಹಾಗೆ ಹೇಳಿದಳು: "ಹೋದ ವರ್ಷ ನನಗೆ ಹೊಸಾ ಸೀರೆ ಅಂತ ನೀನೇ ಕೊಟ್ಟಿದ್ದು ಅತ್ಗೆ. ನಿನ್ ಬೀರು ವಾಸನೆ ಎಷ್ಟ್ ಒಗೆದ್ರೂ ಹೋಗ್ಲಿಲ್ಲ!"

ಯಾರ ಕಡೆಯದು?

ಇದು ಮಾತ್ರ ನಾನು ಸಾಯೋವರೆಗೂ ಮರೆಯುವುದಿಲ್ಲ.

ಕಡೂರಿನ ದೊಡ್ಡ ಮನೆತನದ ಸೊಸೆಗೆ ಗಂಡು ಮಗು ಹುಟ್ಟಿತು. ಹುಟ್ಟಿದ ಮೂರನೇ ದಿನಕ್ಕೇ ವಿಪರೀತ ಕಾಮಾಲೆ. ಅದನ್ನು ಇಳಿಸುವ ದೀಪದ ಕೆಳಗೆ ಮಲಗಿಸಿದರು. ಪರೀಕ್ಷೆ ಮಾಡಿದೆ, ಚುಕ್ಕೆ ಹೊಳೆಯಲಿಲ್ಲ. ಕಾರಣ ಸಿಕ್ಕಿದ್ದರಿಂದ ಡಾಕ್ಟರಿಗೆ ದಾರಿ ಸಿಕ್ಕಿತು. ಮಗು ಬಣ್ಣ ತಿರುಗಿ, ಹಾಲು ಕುಡಿದು, ಬೀದಿ ಬಾಗಿಲಿಗೆ ಕೇಳುವಷ್ಟು ಜೋರಾಗಿ ಅತ್ತಿತು. ಎಲ್ಲರಿಗೂ ಹೋದ ಜೀವ ಬಂದ ಹಾಗಾಯಿತು. ಆಗ ಬಾಯಿ ಬಿಟ್ಟರು ಅತ್ತೆ.

"ನಮ್ಮನೇಲಿ ಯಾರಿಗೂ ಇಂಥದ್ದಿಲ್ಲ. ಇದು ಎಲ್ಲಿಂದ ಬಂತು ಡಾಕ್ಟ್ರೇ?"

"ಗಂಡು ಮಗೂಗೆ ಇದು ತಾಯಿಯಿಂದ ಬರೋದಮ್ಮ."

"ಕೇಳಿದ್ರಾ!" ಅಂತ ಅತ್ತೆ ವಾರ್ಡಿಗೆಲ್ಲ ಸಾರಿದರು. "ನಾನು ಮೊದ್ಲೇ ಹೇಳಿದ್ದೆ. ಇವಳ ಅಮ್ಮನ ಊರಿನೋರ ರಕ್ತವೇ ಅಂಥದ್ದು!" ಸೊಸೆ ಮಗುವಿನ ಮುಖ ನೋಡುತ್ತಾ ಕೂತಿದ್ದಳು. ಅತ್ತೆಯ ಗಂಡ, ಸೌಮ್ಯ ಮನುಷ್ಯ, ಛಾವಣಿಯ ಫ್ಯಾನು ನೋಡುತ್ತಿದ್ದರು.

ಮನೆಯಲ್ಲಿ ಇನ್ನು ಯಾರಿಗೆ ಇದೆ ಅಂತ ತಿಳಿದರೆ ಒಳ್ಳೆಯದು ಅಂತ ಡಾಕ್ಟರು ಸೊಸೆಯ ಅಪ್ಪನನ್ನು ಕರೆಸಿದರು. ರಕ್ತ ತೆಗೆದೆ. ಅವರದೂ ಹೊಳೆಯಲಿಲ್ಲ.

"ಗೊತ್ತಾಯ್ತು ಬಿಡಿ" ಅಂದರು ಡಾಕ್ಟರು. "ಹುಡುಗಿಯ ಅಮ್ಮಂದಲ್ಲ, ಇದು ಅಪ್ಪಂದು. ಇವರಿಂದ ಮಗಳಿಗೆ, ಮಗಳಿಂದ ಮೊಮ್ಮಗನಿಗೆ. ಯಜಮಾನ್ರೇ, ನಿಮಗೆ ನಿಮ್ಮ ತಾಯಿಯಿಂದ ಬಂದಿದೆ. ಅಕ್ಕ ತಂಗಿಯರು ಇದ್ರೆ ಅವರಿಗೂ ಸ್ವಲ್ಪ ಹೇಳಿ. ಇದಾರಾ?"

"ಒಬ್ಳು ಅಕ್ಕ ಅವ್ಳೆ ಸಾರ್" ಅಂದರು ಅವರು. "ಇಗಳಿ, ಇಲ್ಲೇ ಕೂತವ್ಳಲ್ಲ. ಅವಳ ಮಗನಿಗೇ ತಾನೇ ನನ್ ಮಗಳನ್ನ ಕೊಟ್ಟಿರೋದು."

ಎಲ್ಲರೂ ಅತ್ತೆಯ ಕಡೆ ತಿರುಗಿದರು. ಅಷ್ಟು ದಿನ ತುಟಿ ಬಿಚ್ಚದ ಸೊಸೆ ತಲೆ ಎತ್ತಿ, ತುಂಬಾ ಮೃದುವಾಗಿ ಕೇಳಿದಳು: "ಅತ್ತೆ, ನೀರು ಕೊಡ್ಲಾ?"

ಡಾಕ್ಟರಿಗೆ ಪಾಪ ಅನ್ನಿಸಿರಬೇಕು. "ಬೇಜಾರ್ ಮಾಡ್ಕೋಬೇಡೀಮ್ಮ. ಇದು ಕೊರತೆ ನಿಜ. ಆದ್ರೆ ಇಂಥ ರಕ್ತ ಇರೋರನ್ನ ಮಲೇರಿಯಾ ಅಷ್ಟು ಸುಲಭಕ್ಕೆ ಮಲಗಿಸಲ್ಲ ಅಂತಾರೆ. ಹಿಂದೆ ಈ ಕಾಡಂಚಿನ ಊರುಗಳಲ್ಲಿ ನಿಮ್ಮ ಹಿರಿಯರು ಬದುಕಿ ಉಳಿದಿದ್ದಕ್ಕೆ ಇದೂ ಒಂದು ಕಾರಣ ಇರಬಹುದು" ಅಂದರು.

ಅತ್ತೆ ಸೊಸೆ ಕೊಟ್ಟ ನೀರಿನ ಲೋಟ ಕೆಳಗಿಟ್ಟರು. ಬೆನ್ನು ನೆಟ್ಟಗಾಯಿತು. ಎದ್ದು ಹೋಗಿ ಮೊಮ್ಮಗನನ್ನು ಎತ್ತಿಕೊಂಡು, ಸೊಸೆಯ ತಲೆ ಸವರಿ, "ನಮ್ಮ ತವರಿನ ರಕ್ತ ಅಂದ್ರೆ ಸುಮ್ನೇನಾ? ನನ್ ತಮ್ಮನ ಮಗಳು, ನನ್ ಕೂಸು!" ಅಂದರು.

ಇದನ್ನೆಲ್ಲ ನೋಡುತ್ತಿದ್ದ ಅವರ ಗಂಡ ಮೆತ್ತಗೆ ಅಂಗಿಯ ತೋಳು ಮಡಿಸಿ ನನ್ನ ಮುಂದೆ ಬಂದು ನಿಂತರು. "ತಾಯಿ, ನಂದೂ ಒಂದ್ಸಲ ನೋಡ್ಬಿಡು."

ಹಿಂದಿನಿಂದ ಅತ್ತೆ ಗುಡುಗಿದರು: "ತೋಳು ಇಳಿಸ್ರೀ ಸಾಕು! ನಿಮ್ಗೆಲ್ಲಿಂದ ಬರ್ಬೇಕು ಅದು? ನಮ್ಮ ತವರಲ್ಲಿ ಹುಟ್ಟೋಕೆ ಪುಣ್ಯ ಮಾಡಿರ್ಬೇಕು!"