ಸಾಹೇಬರು ಕುಡಿದ ನೀರು

ಮುಂಬಯಿಯಲ್ಲಿ ನಮ್ಮವರದೇ ಮಂತ್ರಿಮಂಡಳ ಬಂತೆಂಬ ಸುದ್ದಿ ಬಂಕಾಪುರದ ಸಂತೆಯಿಂದ ಊರಿಗೆ ಬಂದ ದಿನವೇ ಉಳವಪ್ಪನಿಗೆ ಅರ್ಜಿ ಬರೆಯುವ ಹುರುಪು ಹತ್ತಿಕೊಂಡಿತು. ಊರಿಗೊಂದು ಕುಡಿಯುವ ನೀರಿನ ಬಾವಿ ಬೇಕು, ಬೇಡಿಕೆ ಇಷ್ಟೇ. ಅರ್ಜಿಗಳು ಶಿಗ್ಗಾವಿಗೆ ಹೋದವು, ಧಾರವಾಡಕ್ಕೆ ಹೋದವು. ಎಲ್ಲ ಕಡೆಯಿಂದಲೂ ‘ಅರ್ಜಿ ತಲುಪಿತು’ ಎಂಬ ಉತ್ತರ ಬಂತು. ಬಾವಿ ಬರಲಿಲ್ಲ.

ಆ ಬಾವಿ ಎಲ್ಲರಿಗಿಂತ ಹೆಚ್ಚಾಗಿ ಬೇಕಾಗಿದ್ದದ್ದು ಅವನ ಹೆಂಡತಿ ಶಿವಬಸವ್ವನಿಗೆ. ಮದುವೆಯಾಗಿ ಬಂದಾಗಿನಿಂದ ಹೊಲ ದಾಟಿ, ಹಳ್ಳ ದಾಟಿ, ಕೆರೆಯಿಂದ ನೀರು ಹೊತ್ತವಳು ಅವಳು. ಕೆರೆಯೆಂದರೆ ಜನರೂ ಎಮ್ಮೆಗಳೂ ಪಾಲಿನಲ್ಲಿ ಬಳಸುವ ಕೆಂಪು ರಾಡಿ. ಅದನ್ನು ಮಡಿಚಿದ ಅರಿವೆಯಲ್ಲಿ ಸೋಸಿ, ಗಡಿಗೆಯ ಒಳಮೈಗೆ ಚಿಲ್ಲದ ಬೀಜ ತೇಯ್ದು ಮಣ್ಣು ತಳಕ್ಕಿಳಿಸಿ, ಮತ್ತೊಮ್ಮೆ ಸೋಸುತ್ತಿದ್ದಳು. ಲಿಂಗಕ್ಕೆ ಎರೆಯುವ ನೀರೂ ಮನೆಯವರು ಕುಡಿಯುವ ನೀರೂ ಒಂದೇ ಇರಬೇಕೆಂಬುದು ಅವಳ ನೇಮ. (ಈ ನೇಮದ ದೆಸೆಯಿಂದ, ಅರ್ಜಿಯಲ್ಲಿ ತಾನು ಬಯ್ಯುವ ನೀರಿನ ರುಚಿ ಹೇಗಿದೆಯೆಂದು ಉಳವಪ್ಪನಿಗೇ ಗೊತ್ತಿರಲಿಲ್ಲ.)

ಬೇಸಿಗೆಯಲ್ಲಿ ಪ್ರಾಂತಸಾಹೇಬರು ಊರಿಗೆ ಬರುವುದು ಗೊತ್ತಾಯಿತು. ಅವರು ಮಾಮಲೇದಾರರಿಗೂ ಮೇಲಿನವರು. ಜನರ ಅಹವಾಲನ್ನು ಉಳವಪ್ಪನ ಮನೆಯ ಕಟ್ಟೆಯ ಮೇಲೇ ಕುಳಿತು ಕೇಳುತ್ತಾರಂತೆ. ಕೂಡಲೇ ಉಳವಪ್ಪನ ತಲೆಯಲ್ಲಿ ಒಂದು ದಿವ್ಯವಾದ ಉಪಾಯ ಉದಯಿಸಿತು.

“ಸಾಹೇಬ್ರು ಈ ಬಿಸಲಾಗ ಕೆರಿತನಕ ಬರಂಗಿಲ್ಲ. ಕೆರೀನ ಅವರ ಕೈಯಾಗ ಕೊಡೂಣು. ಬಂದೇಸಾಬನ ಚಹಾದಂಗಡ್ಯಾಗಿಂದ ಗಾಜಿನ ಗ್ಲಾಸು ತಂದೇನಿ. ಇದರಾಗ ಕೆರಿ ನೀರು ಇದ್ದದ್ದು ಇದ್ದಂಗ ತುಂಬಿ ಕೊಡು. ಸೋಸಬ್ಯಾಡ.”

“ಅಯ್ಯ ಶಿವನ! ಮನಿಗೆ ಬಂದವರಿಗೆ ರಾಡಿ ಕೊಡ್ಲೇನ್ರಿ?”

“ಅವರು ಮನಿಗೆ ಬಂದವರಲ್ಲ, ಸರಕಾರ!”

“ಸರಕಾರಕ್ಕ ನೀರಡಿಕಿ ಆಗಂಗಿಲ್ಲೇನು?”

“ನಿನಗ ಬಾವಿ ಬೇಕೋ ಬ್ಯಾಡೋ, ಅದನ್ನ ಹೇಳು.”

ಶಿವಬಸವ್ವ ಕೊಡ ಹೊತ್ತು ಕೂದಲು ಸವೆದ ನೆತ್ತಿಯನ್ನು ಮುಟ್ಟಿ ನೋಡಿಕೊಂಡು, “ಬೇಕ್ರಿ,” ಎಂದಳು.

ಸಾಹೇಬರು ಬರುವ ದಿನ ಬೆಳಿಗ್ಗೆ ಒಂದು ಕೊಡ ರಾಡಿ ತಂದು ಬೇರೆಯಾಗಿಯೇ ಇಟ್ಟಳು. ಪಕ್ಕದ ಮನೆಯ ಮಹಾದೇವಕ್ಕ ಬಂದು ಇಣುಕಿ ನೋಡಿ, “ಕೈ ಕಟ್ಟಿ ಕುಂದ್ರವಾ. ನಿನ್ನ ಕೈ ಸುಮ್ಮನಿರೂದಲ್ಲ, ಸೋಸಿಗೀಸಿ ಬಿಟ್ಟೀ!” ಎಂದು ಎಚ್ಚರಿಸಿ ಹೋದಳು.

ಸಾಹೇಬರು ಬಂದಾಗ ಸೂರ್ಯ ನೆತ್ತಿಯ ಮೇಲಿದ್ದ. ವಯಸ್ಸಾದ ಮನುಷ್ಯ, ಕೋಟು ಬೆವರಿನಲ್ಲಿ ತೊಯ್ದಿತ್ತು. ಊರಿನ ಶಿಷ್ಟಮಂಡಳಿ ಎದ್ದು ನಿಂತಿತು. ಉಳವಪ್ಪ ಗಂಟಲು ಸರಿಪಡಿಸಿಕೊಂಡು, “ಘನತೆವೆತ್ತ ಪ್ರಭುಗಳೇ, ನಮ್ಮ ನೀರನ್ನು ತಾವೇ ಪರಾಂಬರಿಸಬೇಕು,” ಎಂದು ಒಳಕ್ಕೆ ಸನ್ನೆ ಮಾಡಿದ.

ಶಿವಬಸವ್ವ ರಾಡಿಯಲ್ಲಿ ಗ್ಲಾಸು ಅದ್ದಿದಳು. ಸಣ್ಣ ಹುಳುಗಳು ಅದರಲ್ಲಿ ಈಜಾಡುತ್ತಿದ್ದವು. ಗಟ್ಟಿ ಮನಸ್ಸು ಮಾಡಿ ಬಾಗಿಲವರೆಗೂ ಬಂದಳು.

“ಬಾ ತಾಯಿ, ಮೊದಲ ಅದನ್ನ ಕೊಡವಾ. ಗಂಟಲಾ ಒಣಗೇದ,” ಎಂದರು ಸಾಹೇಬರು.

ತಾಯಿ ಎಂದುಬಿಟ್ಟರು! ಅವಳ ಕಾಲುಗಳು ತಾವಾಗಿಯೇ ಹಿಂದಕ್ಕೆ ತಿರುಗಿದವು. ರಾಡಿ ಹಿತ್ತಲಿನ ದಾಸವಾಳದ ಬುಡ ಸೇರಿತು. ದೇವರ ಮುಂದಿನ ಗಡಿಗೆಯಿಂದ, ಲಾವಂಚದ ಬೇರು ಹಾಕಿಟ್ಟ ತಣ್ಣೀರು ಗ್ಲಾಸು ತುಂಬಿತು. ಜೊತೆಗೆ ಒಂದು ಹೆಂಟೆ ಬೆಲ್ಲವೂ ಹೋಯಿತು.

ಸಾಹೇಬರು ಥೂ ಎಂದು ಉಗುಳುವುದನ್ನು ಕೇಳಲು ಉಳವಪ್ಪ ಕಣ್ಣು ಮುಚ್ಚಿ ಕಾದಿದ್ದ. ಕೇಳಿಸಿದ್ದು, “ವಾಹ್! ಇನ್ನೊಂದ ಗ್ಲಾಸ ತಾ ತಾಯಿ.”

ಎರಡನೆಯದನ್ನೂ ಮುಗಿಸಿ ಮೀಸೆ ಒರೆಸಿಕೊಂಡರು. “ಇಂಥಾ ನೀರು ಧಾರವಾಡದಾಗೂ ಕುಡದಿಲ್ಲ ನಾ. ಇದಕ್ಕೇನ ಧಾಡಿ ಆಗೇದಂತ ಅರ್ಜಿ ಬರೀತೀರಿ, ಉಳವಪ್ಪನವರ?”

“ಅದು... ಸೋಸಿದ್ದರಿ, ಸಾಹೇಬ್ರ...”

“ಸೋಸೇ ಕುಡೀಬೇಕು! ಎಲ್ಲಾ ಊರಾಗ ಹಿಂಗ ಮಾಡಿದ್ರ ಬಾವಿ ತೋಡೂ ಖರ್ಚರೆ ಉಳೀತದ.” ಕಾರಕೂನನ ಕಡೆ ತಿರುಗಿ, “ಬರಕೋ. ನೀರು ಉತ್ತಮ. ಮುಂದಿನ ತಿಂಗಳ ನಮ್ಮ ಮುಕ್ಕಾಮು ಇಲ್ಲೇ. ಎಂಟ ದಿವಸ. ಎಲ್ಲಾರಿಗೂ ಇದ ಮನಿ ನೀರು.”

ಎಲ್ಲಾರಿಗೂ ಎಂದರೆ ಕಾರಕೂನರು, ಸಿಪಾಯಿಗಳು, ಅಡುಗೆಯವರು, ಡೇರೆ ಹೊಡೆಯುವವರು. ಗಾಡಿಯ ಧೂಳು ಇಳಿಯುವ ಮೊದಲೇ ಉಳವಪ್ಪ ಒಳಗೆ ನುಗ್ಗಿದ.

“ಊರ ಬಾವೀನ ಒಂದ ಗ್ಲಾಸಿನಾಗ ಮುಳಗಿಸಿ ಬಿಟ್ಟೆಲ್ಲ!”

“ಹುಳ ಇದ್ದುವ್ರಿ ಅದರಾಗ. ತಾಯಿ ಅಂದವರಿಗೆ ಹೆಂಗ ಕುಡಸ್ಲಿ?”

“ಮುಂದಿನ ತಿಂಗಳ ಆ ತಾಯೀನ ಹೊರಲಿ!”

ಹಾಗೆಂದನಾದರೂ ಅವಳ ಬಾಡಿದ ಮುಖ ನೋಡಿ ಅವನಿಗೆ ಕೆಡುಕೆನಿಸಿತು. ಮತ್ತೆ ಲೇಖನಿ ಹಿಡಿದ. ಸಾಹೇಬರ ಮುಕ್ಕಾಮನ್ನು ದಯವಿಟ್ಟು ಹುಲಗೂರಿಗೆ ಬದಲಿಸಬೇಕು, ನಮ್ಮ ಹೆಣ್ಣುಮಕ್ಕಳಿಂದ ಅಷ್ಟು ನೀರು ಹೊರುವುದು ಆಗದು ಎಂದು ವಿನಯದಿಂದ ಬರೆದ. ಎಂದೂ ಇಲ್ಲದಂತೆ ವಾರದೊಳಗೇ ಉತ್ತರ ಬಂತು. ಉಳವಪ್ಪ ಹಿಗ್ಗಿನಿಂದ ಕಟ್ಟೆಯ ಮೇಲೆ ಕುಳಿತು ಗಟ್ಟಿಯಾಗಿ ಓದಿದ:

‘ಅರ್ಜಿ ತಲುಪಿತು. ಸದರಿ ವಿಷಯವನ್ನು ಸ್ಥಳದಲ್ಲಿಯೇ ಖುದ್ದು ವಿಚಾರಿಸುವ ಸಲುವಾಗಿ ಸಾಹೇಬರು ಎರಡು ದಿನ ಮುಂಚಿತವಾಗಿಯೇ ಮುಕ್ಕಾಮಿಗೆ ಬರತಕ್ಕವರಿದ್ದಾರೆ. ಅರ್ಜಿದಾರರು ನೀರು ಸಿದ್ಧವಾಗಿಡತಕ್ಕದ್ದು.’

ಶಿವಬಸವ್ವ ಎಲ್ಲವನ್ನೂ ಸಮಾಧಾನದಿಂದ ಕೇಳಿದಳು.

“ಅರ್ಜಿದಾರರು ಅಂದ್ರ ಯಾರ್ರಿ?”

“ಮತ್ಯಾರು? ನಾನ.”

ಅವಳು ಒಳಗೆ ಹೋಗಿ ಇನ್ನೊಂದು ಕೊಡ ತಂದಳು. ಹಳೆಯ ಸೀರೆಯ ತುಂಡನ್ನು ಸುತ್ತಿ ಅಚ್ಚುಕಟ್ಟಾದ ಸಿಂಬಿ ಮಾಡಿ, ಅರ್ಜಿದಾರರ ತಲೆಯ ರುಮಾಲಿನ ಮೇಲೆ ಇಟ್ಟಳು.

“ನಡ್ರಿ. ಈಗಿಂದ ರೂಢಿ ಮಾಡ್ಕೊಂಡ್ರ, ಅವರು ಬರೂದ್ರಾಗ ಕುತ್ತಿಗಿ ಗಟ್ಟಿ ಆಗತೈತಿ.”