ಮೇಷ್ಟ್ರು ಹೇಳಿದರೆ ಭಾನುವಾರವೂ ಸುಳ್ಳು

ನನ್ನ ಸೋದರಮಾವನಿಗೆ ಸ್ವಂತ ಅಭಿಪ್ರಾಯ ಅನ್ನುವುದೇ ಇರಲಿಲ್ಲ ಎಂದರೆ ನಂಬುತ್ತೀರಾ? ಮನುಷ್ಯ ಹಿಡಿಸಿದರೆ ಅವನ ಮಾತು ವೇದವಾಕ್ಯ. ಹಿಡಿಸದಿದ್ದರೆ ಅದೇ ಮಾತು ಅಧಿಕಪ್ರಸಂಗ!

ಎಪ್ಪತ್ತರ ದಶಕದ ರಾಜಾಜಿನಗರ. ಮಾವ ಬಿನ್ನಿಪೇಟೆಯ ಗಿರಣಿಯೊಂದರಲ್ಲಿ ಗುಮಾಸ್ತ. ಅಪ್ಪ ತೀರಿಕೊಂಡ ಮೇಲೆ ಅಮ್ಮನೂ ನಾನೂ ಅವನ ಮನೆಯಲ್ಲೇ ಇದ್ದೆವು. ಕಾಮಾಕ್ಷಿಪಾಳ್ಯದಿಂದ ಮೊಸರು ಹೊತ್ತು ತರುತ್ತಿದ್ದ ಮೊಸರಮ್ಮನನ್ನು ಕಂಡರೆ ಅವನಿಗೆ ಬಲು ಮೆಚ್ಚು. ಆಕೆ "ಮಳೆ ಬತ್ತದೆ ಸ್ವಾಮಿ" ಎಂದರೆ ಸುಡುಬಿಸಿಲಿನಲ್ಲೂ ಕೊಡೆ ಹಿಡಿದು ಹೊರಡುವನು. ಪಕ್ಕದ ಮನೆಯ ಗಣಿತದ ಮೇಷ್ಟ್ರು ಅದನ್ನೇ ಹೇಳಿದರೆ, ಕೈಯಲ್ಲಿದ್ದ ಕೊಡೆಯನ್ನೂ ಮೊಳೆಗೆ ತಗುಲಿಹಾಕುವನು. ಒಮ್ಮೆ ತೊಯ್ದು ತೊಪ್ಪೆಯಾಗಿ ಬಂದು, "ಇದೂ ಒಂದು ಮಳೆನೇನೇ? ಬರೀ ಸೋನೆ!" ಎಂದ. ಮೇಷ್ಟ್ರು "ನಾಳೆ ಭಾನುವಾರ" ಎಂದರೂ ಒಳಗೆ ಬಂದು ಕ್ಯಾಲೆಂಡರ್ ನೋಡುತ್ತಿದ್ದ!

ನಾನು ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದೆ. ಅಮ್ಮ ಗಂಡು ಹುಡುಕಲು ಶುರುಮಾಡಿದಳು. ನಾನೋ, ಮೂರನೇ ಸಲ ಕೂತೇ ತೀರುತ್ತೇನೆಂದು ಹಟ ಹಿಡಿದೆ. ತೀರ್ಪು ಮಾವನದು. "ನೋಡೋಣ" ಎಂದ.

ನಾನೇನು ಕಮ್ಮಿಯೇ? ಮೇಷ್ಟ್ರ ಮನೆಗೆ ಓಡಿದೆ. "ಸಾರ್, ನಂಗೆ ಓದು ಸಾಕು. ಮದುವೆ ಮಾಡಿ ಅಂತ ಮಾವನಿಗೆ ನೀವೇ ಹೇಳ್ಬಿಡಿ" ಎಂದೆ. ಅವರು ಹೇಳಿದರೆ ಮಾವ ಮರುದಿನವೇ ಪರೀಕ್ಷೆಯ ಅರ್ಜಿ ತುಂಬಿಸುವುದು ಖಚಿತವಾಗಿತ್ತು!

ಸಂಜೆ ಮೇಷ್ಟ್ರು ನಮ್ಮ ಜಗಲಿಗೆ ಬಂದರು. "ಹುಡುಗಿ ಓದು ಸಾಕು ಅಂತಾಳೆ. ಕೇಳ್ಬೇಡಿ. ಇನ್ನೊಂದ್ಸಲ ಕೂರಿಸಿ, ಲೆಕ್ಕ ನಾನು ಹೇಳ್ಕೊಡ್ತೀನಿ. ಪಾಸಾಗ್ತಾಳೆ" ಎಂದುಬಿಡಬೇಕೆ! ಬಾಗಿಲ ಹಿಂದೆ ನಿಂತು ಕೇಳುತ್ತಿದ್ದ ನಾನು ಹಣೆ ಚಚ್ಚಿಕೊಂಡೆ. ಮೇಷ್ಟ್ರ ಬಾಯಿಂದ ಬಂದ ಮೇಲೆ ನನ್ನ ಪರೀಕ್ಷೆಯ ಕಥೆ ಮುಗಿದಂತೆಯೇ!

ಮಾವ ನನ್ನನ್ನು ಕೂಗಿ, "ಮೇಷ್ಟ್ರಿಗೆ ಕಾಫಿ ತಗೊಂಡ್ ಬಾರೇ" ಎಂದ. ಅಷ್ಟು ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಅವರಿಗೆ ಸಿಕ್ಕ ಮೊದಲ ಕಾಫಿ ಅದು.

ಅವರು ಹೋದ ಮೇಲೆ ಕೇಳಿದೆ, "ಮೇಷ್ಟ್ರು ಹೇಳಿದ್ದಕ್ಕೆ ಒಪ್ಕೊಂಡ್ಯಾ ಮಾವ?"

"ಅವ್ರನ್ನ ಕಂಡ್ರೆ ನಂಗ್ಯಾಕೆ ಆಗ್ತಿರಲಿಲ್ಲ ಗೊತ್ತಾ? ನೀನು ಮೂರನೇ ಕ್ಲಾಸಲ್ಲಿದ್ದಾಗ, 'ಈ ಮಗೂಗೆ ಲೆಕ್ಕ ತಲೆಗೆ ಹತ್ತಲ್ಲ' ಅಂದಿದ್ರು. ಅವತ್ತಿಂದ ಅವ್ರು ಹೇಳಿದ್ದೆಲ್ಲ ಸುಳ್ಳೇ ಅನ್ನಿಸ್ತಿತ್ತು ಕಣೇ. ಇವತ್ತು ಪಾಸಾಗ್ತಾಳೆ ಅಂದ್ರಲ್ಲ, ಸಾಕು."

ಎರಡು ಸಲ ಫೇಲಾದಾಗಲೂ ಅಳದವಳು ಅಂದು ಬಿಕ್ಕಿಬಿಕ್ಕಿ ಅತ್ತೆ.

ಮರುದಿನ ಬೆಳಗ್ಗೆ ಮೇಷ್ಟ್ರು ಕಾಂಪೌಂಡಿನಾಚೆಯಿಂದ "ಮಳೆ ಬರೋ ಹಾಗಿದೆ" ಎಂದರು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಮಾವ ಒಳಗೆ ಬಂದು, ಮೊಳೆಯಿಂದ ಕೊಡೆ ತೆಗೆದುಕೊಂಡು ಹೊರಟ.